ದೊಡ್ಡಮ್ಮನ ಜೊತೆಗಿರುವವರಿಗೆ ಒಂದು ಕಾಗದ

ಕಾಸರಗೋಡಿನ ನೀರ್ಚಾಲಿನ ಮನೆಯಲ್ಲಿ ದೊಡ್ಡಮ್ಮ ಒಬ್ಬರೇ. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ. ಬದಿಯಡ್ಕದ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಅಕ್ಕನೊಬ್ಬರು ಜೊತೆಗಿರಲು ಒಪ್ಪಿದಾಗ ಎಲ್ಲರಿಗೂ ನಿರಾಳ. ದೊಡ್ಡಮ್ಮನಿಗೆ ರಾತ್ರಿಗೊಂದು ಜನ ಆಯಿತು, ಅಕ್ಕನಿಗೆ ಬಾಡಿಗೆ ಉಳಿಯಿತು. "ಬಾಡಿಗೆಯೇ ಇಲ್ಲ, ಮತ್ತೆ ಕಾಗದ ಯಾಕೆ?" ಎಂದ ಅಣ್ಣ. ಬೇಕೇ ಬೇಕು ಎಂದು ಹಟ ಹಿಡಿದವಳು ನಾನು.

ಬಾಡಿಗೆಯೆಂದರೆ ದುಡ್ಡೇ ಆಗಬೇಕೆಂದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 105ನೇ ಸೆಕ್ಷನ್ ಪ್ರಕಾರ ಬೆಳೆಯ ಪಾಲು, ಸೇವೆ ಕೂಡ ಲೀಸಿನ, ಅಂದರೆ ಆಸ್ತಿಯನ್ನು ಅನುಭವಿಸುವ ಹಕ್ಕನ್ನೇ ಕೊಡುವ ಕರಾರಿನ, ಪ್ರತಿಫಲವಾಗಬಹುದು. ಬೇರೆ ಬಾಗಿಲಿನ ಕೋಣೆ, ಬೀಗದ ಕೈ ಅವರದ್ದೇ, ಬದಲಿಗೆ ದಿನಕ್ಕಿಷ್ಟು ಕೆಲಸ ಎಂದು ಬರೆದುಬಿಟ್ಟರೆ ಅದು ಲೀಸೇ ಎಂದು ನಾಳೆ ವಾದಿಸಬಹುದು. ಹಾಗಾಗಿ ನಾವು ಬರೆಸಿದ್ದು ಈಸ್‌ಮೆಂಟ್ಸ್ ಕಾಯ್ದೆಯ ಲೈಸೆನ್ಸ್: ಇರಲು ಅನುಮತಿ ಮಾತ್ರ, ಮನೆಯ ಸ್ವಾಧೀನ ದೊಡ್ಡಮ್ಮನದ್ದೇ, ಅಡಿಗೆಮನೆ ಇಬ್ಬರಿಗೂ. ನಡೆದುಕೊಳ್ಳುವುದೂ ಹಾಗೆಯೇ ಇರಬೇಕು, ಕೋರ್ಟು ಕಾಗದದ ತಲೆಬರಹವನ್ನಷ್ಟೇ ನೋಡುವುದಿಲ್ಲ.

ಹನ್ನೆರಡು ವರ್ಷ ಕೂತರೆ ಮನೆ ಅವರದ್ದಾಗುತ್ತದೆ ಎಂದು ಹೆದರಿಸಿದವರಿದ್ದರು. ಕಾವಲಿಗೋ ಕೆಲಸಕ್ಕೋ ಇದ್ದವರಿಗೆ ಎಷ್ಟು ವರ್ಷವಾದರೂ ಆಸ್ತಿಯಲ್ಲಿ ಹಕ್ಕು ಹುಟ್ಟುವುದಿಲ್ಲ ಎಂದು ಸುಪ್ರೀಂ ಕೋರ್ಟು 2012ರಲ್ಲೇ ಹೇಳಿದೆ.

ನನಗಿದ್ದ ಚಿಂತೆ ಅಕ್ಕನದ್ದು. ಲೈಸೆನ್ಸ್ ಬಹಳ ತೆಳು. ಮನೆ ಬೇರೆಯವರ ಕೈಗೆ ಹೋದರೆ ಹೊಸಬರು ಅದಕ್ಕೆ ಬದ್ಧರಲ್ಲ. ರದ್ದು ಮಾಡಿದರೆ ಸಾಮಾನು ಸಾಗಿಸಲು ನ್ಯಾಯವಾದ ಕಾಲಾವಕಾಶ ಕೊಡಬೇಕು ಎನ್ನುತ್ತದೆ ಈಸ್‌ಮೆಂಟ್ಸ್ ಕಾಯ್ದೆಯ 63ನೇ ಸೆಕ್ಷನ್, ಎಷ್ಟು ದಿನ ಎಂದು ಅದರಲ್ಲಿಲ್ಲ. ದೊಡ್ಡಮ್ಮನೇ ದಾರಿ ತೋರಿಸಿದರು: "ಆನು ಹೋದ ಮೇಲೆ ಅದರ ಕೂಡ್ಲೇ ಹೆರ ಹಾಕ್ಲಾಗ." ತಾನು ತೀರಿಕೊಂಡ ಮೇಲೆ ಅಕ್ಕನನ್ನು ಕೂಡಲೇ ಹೊರಗೆ ಹಾಕಬಾರದು ಎಂದು. ಮೂರು ತಿಂಗಳು ಎಂದು ಬರೆಸಿ, ಮಕ್ಕಳಿಬ್ಬರ ಸಹಿಯನ್ನೂ ಹಾಕಿಸಿದೆವು. ಅವರ ಸಹಿ ಇಲ್ಲದಿದ್ದರೆ ಆ ಸಾಲಿಗೆ ಬಲವೆಲ್ಲಿ?

ಕೆಲಸದ ಮಿತಿಯನ್ನೂ ಬರೆದೆವು. ರಾತ್ರಿ ಮನೆಯಲ್ಲಿರುವುದು, ಮಾತ್ರೆ ನೆನಪಿಸುವುದು, ಡಾಕ್ಟರ ಹತ್ತಿರ ಜೊತೆಗೆ ಹೋಗುವುದು, ಅಷ್ಟೇ. ದೊಡ್ಡಮ್ಮ ಹಾಸಿಗೆ ಹಿಡಿದರೆ ಹೋಂ ನರ್ಸ್ ಬೇರೆ, ಖರ್ಚು ಮಕ್ಕಳದ್ದು. ಪುಕ್ಕಟೆ ಕೋಣೆಯ ನೆಪದಲ್ಲಿ ಒಬ್ಬ ಹೆಂಗಸನ್ನು ಹಗಲು ರಾತ್ರಿ ದುಡಿಸುವುದು ನನ್ನ ಕಣ್ಣಿಗೆ ಅನ್ಯಾಯವೇ.

ಅಕ್ಕನಿಗೆ ಮಲಯಾಳ ಓದಲು ಬರುವುದಿಲ್ಲ, ಕರಡು ಕನ್ನಡದಲ್ಲೇ ಆಯಿತು. ಅದನ್ನು ಎರಡು ಸಲ ಓದಿ ಅವರು ಕೇಳಿದ್ದು ಒಂದೇ: ತರವಾಡಿನ, ಅಂದರೆ ಕುಟುಂಬದ ಮೂಲಮನೆಯ, ಕೋಲಕ್ಕೆ ಹೋಗಲು ರಜೆ. ಆ ರಾತ್ರಿಗಳಲ್ಲಿ ದೊಡ್ಡಮ್ಮನ ಜೊತೆ ನಾನಿರುತ್ತೇನೆ ಎಂದು ಅದನ್ನೂ ಸೇರಿಸಿದೆವು.