ಕೋಂಕ್: ಕದ್ದು ತಂದ ಸಂತಳ ಊರು

ರೊಡೆಜ್ ಪಟ್ಟಣದಿಂದ ಕೋಂಕ್‌ಗೆ ನಲವತ್ತು ಕಿಲೋಮೀಟರ್ ಕೂಡ ಇಲ್ಲ. ಆದರೆ ಕೊನೆಯ ಅರ್ಧ ಗಂಟೆ ನನ್ನ ಹೆಂಡತಿ ಒಂದು ಮಾತೂ ಆಡಲಿಲ್ಲ. ತಿರುವಿನ ಮೇಲೆ ತಿರುವು. ಒಂದು ಕಡೆ ಬಂಡೆ, ಇನ್ನೊಂದು ಕಡೆ ದೂರ್ದು ನದಿ. ಊರು ಎಲ್ಲಿ ಅಂತ ಹುಡುಕುತ್ತಿರುವಾಗಲೇ ಗುಡ್ಡದ ಹೊಟ್ಟೆಗೆ ಅಂಟಿಕೊಂಡ ಕಪ್ಪು ಸೂರುಗಳು ಕಂಡವು. ಕಾರನ್ನು ಊರಾಚೆಯೇ ನಿಲ್ಲಿಸಿ ನಡೆಯಬೇಕು. ಒಳಗೆ ಕಾರು ಓಡಾಡುವಷ್ಟು ಸಪಾಟು ಜಾಗವೇ ಕಡಿಮೆ.

ದಕ್ಷಿಣ ಫ್ರಾನ್ಸಿನ ಅವೇರೊನ್ ಜಿಲ್ಲೆಯ ಪುಟ್ಟ ಊರಿದು. ಊಶ್ ಎಂಬ ಹಳ್ಳ ಬಂದು ದೂರ್ದು ನದಿಗೆ ಸೇರುವ ಕಡೆ ಕಣಿವೆ ಚಿಪ್ಪಿನಂತೆ ಬಗ್ಗಿದೆ. ಲ್ಯಾಟಿನ್ನಿನಲ್ಲಿ ಚಿಪ್ಪಿಗೆ ‘ಕೋಂಕ’. ಹೆಸರು ಬಂದದ್ದು ಅದರಿಂದಲೇ. ಮನೆಗಳೆಲ್ಲ ಇಳಿಜಾರಿನಲ್ಲಿ. ಮೇಲಿನ ಬೀದಿಯಿಂದ ನೋಡಿದರೆ ಒಂದಂತಸ್ತಿನ ಮನೆ, ಕೆಳಗಿನ ಬೀದಿಗೆ ಬಂದು ನೋಡಿದರೆ ಅದೇ ಮನೆ ಮೂರಂತಸ್ತು! ಸೂರಿಗೆ ಹೆಂಚಿಲ್ಲ. ಇಲ್ಲಿಯದೇ ಪದರಗಲ್ಲನ್ನು ತೆಳ್ಳಗೆ ಸೀಳಿ ಮೀನಿನ ಹುರುಪೆಯಂತೆ ಹೊದಿಸಿದ್ದಾರೆ. ಅದಕ್ಕೆ ‘ಲೋಜ್’ ಅನ್ನುತ್ತಾರೆ. ಮಳೆ ಬಿದ್ದಿತ್ತು. ಸೂರಿಗೆ ಚಂದ, ಬೀದಿಯ ಕಲ್ಲಿಗೆ ಅಲ್ಲ. ನಾನು ಎರಡು ಸಲ ಜಾರಿದೆ.

ಇಂಥ ಮೂಲೆಯಲ್ಲಿ ಇಷ್ಟು ದೊಡ್ಡ ಚರ್ಚು ಯಾಕಿದೆ? ಉತ್ತರ ಒಂದು ಕಳ್ಳತನ. ಫ್ವಾ ಎಂಬ ಹುಡುಗಿ, ಹೆಸರಿನ ಅರ್ಥವೇ ‘ನಂಬಿಕೆ’, ರೋಮನ್ನರ ಕಾಲದಲ್ಲಿ ಅಜಾನ್ ಎಂಬ ಊರಲ್ಲಿ ಧರ್ಮಕ್ಕಾಗಿ ಸತ್ತಳು ಅಂತ ಕಥೆ. ಅವಳ ಎಲುಬುಗಳಿಗೆ ಅಲ್ಲಿ ಪೂಜೆ ನಡೆಯುತ್ತಿತ್ತು. ಕೋಂಕ್‌ನ ಮಠದಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಇಲ್ಲಿನ ಸನ್ಯಾಸಿಯೊಬ್ಬ ಅಜಾನ್‌ಗೆ ಹೋಗಿ, ವರ್ಷಗಟ್ಟಲೆ ಅಲ್ಲೇ ಇದ್ದು, ನಂಬಿಕೆ ಗಳಿಸಿ, ಸಮಾಧಿ ಕಾಯುವ ಕೆಲಸವನ್ನೇ ಹಿಡಿದನಂತೆ. ಆಮೇಲೆ ಒಂದು ರಾತ್ರಿ ಎಲುಬುಗಳ ಜೊತೆ ಪರಾರಿ. ಇದು 866ರ ಮಾತು. ಮಠದವರು ಇದನ್ನು ಮುಚ್ಚಿಡಲಿಲ್ಲ, ಹೆಮ್ಮೆಯಿಂದ ಬರೆದಿಟ್ಟರು. ಸಂತಳಿಗೆ ಇಷ್ಟವಿಲ್ಲದಿದ್ದರೆ ಬರುತ್ತಿದ್ದಳಾ ಅನ್ನುವುದು ಆ ಕಾಲದ ವಾದ.

ಅವಳು ಬಂದ ಮೇಲೆ ಪವಾಡಗಳು, ಪವಾಡಗಳ ಹಿಂದೆ ಜನ. ಲ ಪ್ಯುಯಿಯಿಂದ ಸ್ಪೇನಿನ ಸಾಂತಿಯಾಗೊಗೆ ನಡೆದು ಹೋಗುವ ಯಾತ್ರಿಕರು ಇಲ್ಲಿ ತಂಗತೊಡಗಿದರು. ಈಗಲೂ ತಂಗುತ್ತಾರೆ. ಬೀದಿಯಲ್ಲಿ ಅರ್ಧಕ್ಕರ್ಧ ಜನ ಬೆನ್ನಿಗೆ ಚೀಲ ಹೊತ್ತು ಕುಂಟುತ್ತಿದ್ದರು.

ಚರ್ಚಿನ ಪಕ್ಕದ ಸಂಗ್ರಹಾಲಯದಲ್ಲಿ ಅವಳ ಮೂರ್ತಿ ಇದೆ. ಎತ್ತರ 85 ಸೆಂಟಿಮೀಟರ್. ಒಳಗೆ ಮರ, ಮೇಲೆ ಚಿನ್ನದ ತಗಡು, ಅದರ ಮೇಲೆ ಜಾಗ ಬಿಡದಂತೆ ಹರಳುಗಳು. ಸಿಂಹಾಸನದಲ್ಲಿ ನೆಟ್ಟಗೆ ಕೂತು ನಮ್ಮ ತಲೆಯ ಮೇಲಿಂದ ಎಲ್ಲೋ ನೋಡುತ್ತಾಳೆ. ತಲೆ ಮಾತ್ರ ಇನ್ನೂ ಹಳೆಯದು, ರೋಮನ್ ಕಾಲದ ಕೊನೆಯದು. ಅದು ಯಾವುದೋ ಗಂಡಸಿನ ಮುಖ ಇರಬೇಕು ಅಂತ ನನಗನ್ನಿಸಿತು. ಹನ್ನೊಂದನೇ ಶತಮಾನದಲ್ಲಿ ಬೆರ್ನಾರ್ ಎಂಬ ಪಂಡಿತ ಇದನ್ನು ನೋಡಿ, ಇದೇನು ವಿಗ್ರಹಪೂಜೆ ಅಂತ ಗೇಲಿ ಮಾಡಿದ್ದ. ಆಮೇಲೆ ಭಕ್ತನಾಗಿ ಅವಳ ಪವಾಡಗಳನ್ನೆಲ್ಲ ಬರೆದ. ಅವನ ಪ್ರಕಾರ ಅವಳು ಕನಸಲ್ಲಿ ಬಂದು ಹೆಂಗಸರ ಹತ್ತಿರ ಬಳೆ, ಉಂಗುರ ಕೇಳುತ್ತಿದ್ದಳು. ಪಕ್ಕದಲ್ಲಿದ್ದ ಫ್ರೆಂಚ್ ದಂಪತಿಗೆ ಇದು ವಿಚಿತ್ರ ಅನ್ನಿಸಿತು. ನನ್ನ ಹೆಂಡತಿ ಮಾತ್ರ “ಕೇಳದೆ ಇನ್ನೇನು?” ಅಂದಳು. ಮಹಾಕ್ರಾಂತಿಯ ಹೊತ್ತಿನಲ್ಲಿ ಸರ್ಕಾರ ಚರ್ಚುಗಳ ಚಿನ್ನವನ್ನೆಲ್ಲ ಕಿತ್ತುಕೊಳ್ಳುತ್ತಿದ್ದಾಗ ಊರವರೇ ಇಲ್ಲಿಯ ಸಂಪತ್ತನ್ನು ಹಂಚಿಕೊಂಡು ಬಚ್ಚಿಟ್ಟರು. ಆಮೇಲೆ ವಾಪಸ್ ತಂದಿಟ್ಟರು. ಕದ್ದ ಸಂತಳನ್ನು ಎಷ್ಟು ಪ್ರಾಮಾಣಿಕವಾಗಿ ಕಾಪಾಡಿದ್ದಾರೆ, ಅಲ್ವಾ?

ಸಂಜೆ ಚರ್ಚಿನ ಬಾಗಿಲ ಮುಂದೆ ಜನ ಸೇರಿದರು. ಬಾಗಿಲ ಮೇಲಿನ ಕಮಾನಿನಲ್ಲಿ ಕೊನೆಯ ತೀರ್ಪಿನ ದಿನದ ಕೆತ್ತನೆ. ಹನ್ನೆರಡನೇ ಶತಮಾನದ್ದು, 124 ಆಕೃತಿಗಳು, ಅಲ್ಲಲ್ಲಿ ಹಳೆಯ ಬಣ್ಣ ಇನ್ನೂ ಉಳಿದಿದೆ. ಬಿಳಿ ನಿಲುವಂಗಿಯ ಸನ್ಯಾಸಿಯೊಬ್ಬರು ಒಂದೊಂದನ್ನೇ ತೋರಿಸಿ ನಗಿಸುತ್ತ ವಿವರಿಸಿದರು. ನನ್ನ ಅರ್ಧಂಬರ್ಧ ಫ್ರೆಂಚ್‌ಗೆ ಸಿಕ್ಕಿದ್ದಿಷ್ಟು: ಸ್ವರ್ಗದ ಕಡೆ ಎಲ್ಲರೂ ಸಾಲಾಗಿ, ಸ್ವಲ್ಪ ಬೇಜಾರಿನಲ್ಲಿ ನಿಂತಿದ್ದಾರೆ. ಚಕ್ರವರ್ತಿ ಶಾರ್ಲಮೇನ್ ಕೂಡ ಇದ್ದಾನೆ, ಆದರೆ ಮಠಾಧೀಶರು ಕೈಹಿಡಿದು ಎಳೆಯಬೇಕಾಗಿದೆ. ನರಕದಲ್ಲೇ ಗದ್ದಲ ಜಾಸ್ತಿ. ಜಿಪುಣನ ಕುತ್ತಿಗೆಗೆ ದುಡ್ಡಿನ ಚೀಲ ಕಟ್ಟಿ ನೇತುಹಾಕಿದ್ದಾರೆ. ಬೇಟೆಗಾರನನ್ನು ಮೊಲವೇ ಬೆಂಕಿಯಲ್ಲಿ ಸುಡುತ್ತಿದೆ. ನನಗೆ ತುಂಬ ಇಷ್ಟವಾದದ್ದು ಅಂಚಿನಲ್ಲಿರುವ ಪುಟ್ಟ ಮುಖಗಳು. ಕಲ್ಲಿನ ಪಟ್ಟಿಯ ಹಿಂದೆ ಅವಿತು, ಬೆರಳಲ್ಲಿ ಅಂಚು ಹಿಡಿದು, ಸುಮ್ನೆ ಇಣುಕುತ್ತಿವೆ. ತೀರ್ಪು ಯಾರಿಗೋ, ಇವರಿಗೆ ಕುತೂಹಲ ಅಷ್ಟೇ.

ಹತ್ತೊಂಬತ್ತನೇ ಶತಮಾನದ ಹೊತ್ತಿಗೆ ಈ ಚರ್ಚು ಬೀಳುವಂತಾಗಿತ್ತು. 1837ರಲ್ಲಿ ಸ್ಮಾರಕಗಳ ಅಧಿಕಾರಿಯಾಗಿ ಬಂದ ಲೇಖಕ ಪ್ರೊಸ್ಪೆರ್ ಮೆರಿಮೆ ಇದನ್ನು ನೋಡಿ ದಂಗಾಗಿ ಸರ್ಕಾರದ ಗಮನಕ್ಕೆ ತಂದ. ಅದಕ್ಕೇ ಇವತ್ತು ಉಳಿದಿದೆ.

ಒಳಗಿನ ಕಿಟಕಿಗಳಲ್ಲಿ ಬಣ್ಣದ ಗಾಜಿಲ್ಲ. ರೊಡೆಜ್‌ನಲ್ಲೇ ಹುಟ್ಟಿದ ಚಿತ್ರಕಾರ ಪಿಯರ್ ಸೂಲಾಜ್, ಜೀವನಪೂರ್ತಿ ಕಪ್ಪು ಬಣ್ಣವನ್ನೇ ಹಿಡಿದವರು, 1994ಕ್ಕೆ ಮುಗಿಸಿದ 104 ಕಿಟಕಿಗಳಿವು. ಮಬ್ಬು ಬಿಳಿ ಗಾಜು, ಓರೆಯಾಗಿ ಎಳೆದ ಕಪ್ಪು ಗೆರೆಗಳು, ಅಷ್ಟೇ. ಆಗ ಊರವರಲ್ಲಿ ಹಲವರಿಗೆ ಇದು ಹಿಡಿಸಲಿಲ್ಲವಂತೆ. ಹೊರಗೆ ಮೋಡ ಸರಿದಾಗ ಅದೇ ಗಾಜು ನೀಲಿಯಿಂದ ಕೇಸರಿಗೆ ಹೊರಳಿತು. ನಾನು ಅರ್ಧ ಗಂಟೆ ಬೆಂಚಿನಿಂದ ಏಳಲಿಲ್ಲ.

ಮರುದಿನ ಶಾರ್ಲಮೇನ್ ಬೀದಿ ಇಳಿದು ನದಿಗೆ ಹೋದೆವು. ಅಲ್ಲೊಂದು ಕಲ್ಲಿನ ಸೇತುವೆ, ಹೆಸರು ರೋಮನ್ ಸೇತುವೆ. ರೋಮನ್ನರಿಗೂ ಅದಕ್ಕೂ ಸಂಬಂಧವಿಲ್ಲ. ಇಲ್ಲಿನ ಹಳೆಯ ಒಕ್ಸಿತಾನ್ ಭಾಷೆಯಲ್ಲಿ ಯಾತ್ರಿಕನಿಗೆ ‘ರೂಮಿಯು’. ಅದೇ ಜನರ ಬಾಯಲ್ಲಿ ಹೀಗಾಯಿತು. ಸೇತುವೆ ದಾಟಿ ಎದುರಿನ ಗುಡ್ಡ ಹತ್ತಿದರೆ ಸಂತ ಫ್ವಾಳ ಪುಟ್ಟ ಗುಡಿ. ಅಲ್ಲಿಂದ ಇಡೀ ಊರು ಕಾಣುತ್ತದೆ. ಏದುಸಿರು ಬಿಡುತ್ತ ಬಂದ ಒಬ್ಬ ಮಧ್ಯವಯಸ್ಸಿನ ಯಾತ್ರಿಕೆ ಗಂಟೆಯ ಹಗ್ಗ ಎಳೆದಳು. ಸದ್ದು ಕಣಿವೆಯ ಆಚೆ ತನಕ ಹೋಯಿತು. ಅವಳು ಬೂಟಿನ ದಾರ ಬಿಗಿದು, ಊರಿನ ಕಡೆ ತಿರುಗಿ ನೋಡದೆ, ಮೇಲಕ್ಕೆ ಹೊರಟಳು. ನಾವು ಕೆಳಕ್ಕೆ. ಪಾರ್ಕಿಂಗ್ ಚೀಟಿಯ ಹೊತ್ತು ಮುಗಿಯುತ್ತ ಬಂದಿತ್ತು.