ಮರುಚುನಾವಣೆ ಇಲ್ಲದೆಯೇ ಜೋ ಕರೋಲೊ ಮೇಯರ್ ಆದದ್ದು ಹೇಗೆ?

ಅಮೆರಿಕದ ಮಿಯಾಮಿ ನಗರ ರಾಜಕೀಯದ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಎದ್ದೇ ಏಳುತ್ತದೆ: 1997ರ ಮೇಯರ್ ಚುನಾವಣೆಯಲ್ಲಿ ಸೋತ ಜೋ ಕರೋಲೊ ಅವರನ್ನು ಮತ್ತೊಮ್ಮೆ ಜನರ ಮುಂದೆ ಕಳಿಸದೆ ಕೋರ್ಟೇ ಮೇಯರ್ ಮಾಡಿತಲ್ಲ, ಅದು ನ್ಯಾಯವೇ? ನ್ಯಾಯವೇ ಎನ್ನುತ್ತೇನೆ. ಆದರೆ ಅದಕ್ಕೆ ತಪ್ಪು ಮಾಡದವರೂ ಬೆಲೆ ತೆತ್ತರು.

ಕರೋಲೊ 1955ರಲ್ಲಿ ಕ್ಯೂಬಾದಲ್ಲಿ ಹುಟ್ಟಿದವರು. ತಂದೆತಾಯಿ ಅಲ್ಲೇ ಉಳಿದು ಮಕ್ಕಳನ್ನಷ್ಟೇ ವಿಮಾನ ಹತ್ತಿಸಿದ ‘ಪೆಡ್ರೊ ಪ್ಯಾನ್’ ಕಾರ್ಯಾಚರಣೆಯಲ್ಲಿ ಅಮೆರಿಕಕ್ಕೆ ಬಂದರು. ಪೊಲೀಸ್ ಕೆಲಸದಲ್ಲಿದ್ದು, 24ನೇ ವಯಸ್ಸಿಗೇ, 1979ರಲ್ಲಿ, ನಗರ ಕಮಿಷನ್‌ಗೆ, ಅಂದರೆ ನಗರಸಭೆಗೆ, ಆಯ್ಕೆಯಾದರು. 1983ರಲ್ಲಿ ಮೇಯರ್ ಮಾರಿಸ್ ಫೆರೆ ಅವರಿಗೆ ಬೆಂಬಲ ಸಾರಲೆಂದು ಕರೆದ ಪತ್ರಿಕಾಗೋಷ್ಠಿಯಲ್ಲಿ, ಕ್ಯಾಮೆರಾಗಳ ಎದುರೇ, ಬೆಂಬಲ ಕೊಡುವುದಿಲ್ಲ ಎಂದುಬಿಟ್ಟರು. ಅವರ ಸ್ವಭಾವ ಊರಿಗೆಲ್ಲ ಗೊತ್ತಾದದ್ದು ಅಂದು. 1987ರಲ್ಲಿ ಸೋತು, 1995ರಲ್ಲಿ ಕಮಿಷನ್‌ಗೆ ಮರಳಿ, 1996ರಲ್ಲಿ ಮೇಯರ್ ಸ್ಟೀಫನ್ ಕ್ಲಾರ್ಕ್ ತೀರಿಕೊಂಡಾಗ ಆ ಕುರ್ಚಿಗೆ ಬಂದರು. ನಗರದ ಖಜಾನೆಯಲ್ಲಿ ಆಗ 6.8 ಕೋಟಿ ಡಾಲರ್ ಕೊರತೆ ಇತ್ತು.

ಇನ್ನು 1997ರ ನವೆಂಬರ್ 4ರ ಮೇಯರ್ ಚುನಾವಣೆಯ ಲೆಕ್ಕ. ಮತಗಟ್ಟೆಗಳ ಯಂತ್ರಗಳಲ್ಲಿ ಕರೋಲೊಗೆ ಬಿದ್ದದ್ದು 51.41%. ಮನೆಯಲ್ಲೇ ಗುರುತು ಹಾಕಿ ಕಳಿಸುವ ಅಂಚೆ ಮತಗಳಲ್ಲಿ ಎದುರಾಳಿ ಝೇವಿಯರ್ ಸ್ವಾರೆಸ್‌ಗೆ 61.48%. ಎರಡನ್ನೂ ಕೂಡಿಸಿದಾಗ ಕರೋಲೊ 49.65%ಕ್ಕೆ ಇಳಿದರು. ಅರ್ಧ ದಾಟದಿದ್ದರೆ ಎರಡನೇ ಸುತ್ತು ನಡೆಯಬೇಕು. ಅದು ಅದೇ ತಿಂಗಳ 13ರಂದು ನಡೆದು, ಸ್ವಾರೆಸ್ ಗೆದ್ದರು.

ಮೋಸ ನಡೆದದ್ದು ಲಕೋಟೆಯಲ್ಲಿ. ಆಗ ಅಂಚೆ ಮತದ ಲಕೋಟೆಯ ಮೇಲೆ ಸಾಕ್ಷಿಯೊಬ್ಬರ ಸಹಿ ಬೇಕಿತ್ತು. ದಲ್ಲಾಳಿಗಳು ಮನೆಮನೆಗೆ ಹೋಗಿ ಮತಪತ್ರ ಒಟ್ಟುಹಾಕಿ, ತಾವೇ ಸಾಕ್ಷಿ ಹಾಕುತ್ತಿದ್ದರು. ನಾಲ್ಕು ವರ್ಷ ಹಿಂದೆ ತೀರಿಕೊಂಡವರೊಬ್ಬರ ಹೆಸರಲ್ಲೂ ಮತ ಬಿದ್ದಿತ್ತು. ಇದನ್ನು ಬಗೆದು ತೆಗೆದ ಮಿಯಾಮಿ ಹೆರಾಲ್ಡ್ ಪತ್ರಿಕೆಗೆ 1999ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಸ್ವಾರೆಸ್‌ಗೆ ಇದು ಗೊತ್ತಿತ್ತು ಎನ್ನುವುದಕ್ಕೆ ಪುರಾವೆ ಸಿಗಲಿಲ್ಲ. ಈ ಮಾತನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ, ಬಿಡಬಾರದು.

1998ರ ಮಾರ್ಚ್‌ನಲ್ಲಿ ಕೆಳಗಿನ ಕೋರ್ಟ್ ಮರುಚುನಾವಣೆಗೆ ಆದೇಶಿಸಿತು. ಮೇಲ್ಮನವಿ ಕೋರ್ಟ್ ಒಪ್ಪಲಿಲ್ಲ. ಕದ್ದು ಸಿಕ್ಕಿಬಿದ್ದರೆ ಆಗುವುದು ಇನ್ನೊಂದು ಚುನಾವಣೆ ಮಾತ್ರ ಎಂದಾದರೆ ಕದಿಯುವವರಿಗೆ ಭಯವೇ ಇರದು ಎನ್ನುವುದು ಅದರ ವಾದ. ಯಂತ್ರದ ಮತಗಳ ಮೇಲೆ ಕಳಂಕವಿರಲಿಲ್ಲ. ಆದ್ದರಿಂದ ಅಂಚೆ ಮತಗಳಷ್ಟನ್ನೂ ಕೈಬಿಟ್ಟು, ಉಳಿದ 51.41%ರ ಮೇಲೆ ಮೊದಲ ಸುತ್ತಿನಲ್ಲೇ ಕರೋಲೊ ಗೆದ್ದರು ಎಂದಿತು. ಈ ವಾದ ನನಗೆ ಒಪ್ಪಿಗೆ. ಆದರೂ ಹಾಸಿಗೆ ಹಿಡಿದು, ಮನೆಯಿಂದಲೇ ಪ್ರಾಮಾಣಿಕವಾಗಿ ಮತ ಹಾಕಿದ ಮುದುಕರ ಮತಗಳೂ ಅದೇ ಬುಟ್ಟಿಗೆ ಹೋದವು.

ಆಮೇಲಿನದು ಬೇರೆಯದೇ ಪಾಠ. 2000ದಲ್ಲಿ, ಕ್ಯೂಬಾದಿಂದ ಬಂದು ಮಿಯಾಮಿಯ ಬಂಧುಗಳ ಮನೆಯಲ್ಲಿದ್ದ ಬಾಲಕ ಎಲಿಯಾನ್ ಗೊನ್ಸಾಲೆಸ್‌ನನ್ನು ತಂದೆಗೆ ಒಪ್ಪಿಸಲು ಕೇಂದ್ರದ ಅಧಿಕಾರಿಗಳು ಕರೆದೊಯ್ದಾಗ, ತನಗೆ ಮೊದಲೇ ತಿಳಿಸಲಿಲ್ಲವೆಂದು ಪೊಲೀಸ್ ಮುಖ್ಯಸ್ಥರ ಮೇಲೆ ಕರೋಲೊ ಕೆಂಡವಾದರು. ಮುಖ್ಯಸ್ಥರನ್ನು ತೆಗೆಯುವ ಅಧಿಕಾರ ಮೇಯರ್‌ಗಿರಲಿಲ್ಲ. ಅದು ನಗರದ ಆಡಳಿತ ನಡೆಸುವ ಅಧಿಕಾರಿಯಾದ ಮ್ಯಾನೇಜರ್ ಕೈಯಲ್ಲಿತ್ತು. ಅವರು ಒಪ್ಪದಿದ್ದಾಗ ಮ್ಯಾನೇಜರ್‌ನನ್ನೇ ಕಿತ್ತುಹಾಕಿದರು. ಮರುವರ್ಷ ಚುನಾವಣೆ ಸೋತರು.

2017ರಲ್ಲಿ ಮಿಯಾಮಿಯ ಕ್ಯೂಬನ್ನರ ಬಡಾವಣೆ ಲಿಟಲ್ ಹವಾನಾದಿಂದ ಮತ್ತೆ ಕಮಿಷನ್‌ಗೆ ಗೆದ್ದರು. ಕಾಯೆ ಓಚೊ ಬೀದಿಯ ‘ಬಾಲ್ ಅಂಡ್ ಚೈನ್’ ಬಾರ್‌ನ ಮಾಲೀಕರಿಬ್ಬರು ಆಗ ಎದುರಾಳಿಯ ಪರ ಇದ್ದರು. ಆ ಸೇಡಿಗೆ ಕರೋಲೊ ನಗರದ ತಪಾಸಣಾ ಸಿಬ್ಬಂದಿಯನ್ನು ತಮ್ಮ ಮೇಲೆ ಛೂ ಬಿಟ್ಟರೆಂದು ಮಾಲೀಕರು ದಾವೆ ಹೂಡಿದರು. ಕಾನೂನು ಪಾಲಿಸಿದ್ದಷ್ಟೇ ಎಂದರು ಕರೋಲೊ. ಜ್ಯೂರಿ ನಂಬಲಿಲ್ಲ. 2023ರ ಜೂನ್‌ನಲ್ಲಿ 6.35 ಕೋಟಿ ಡಾಲರ್ ಪರಿಹಾರಕ್ಕೆ ತೀರ್ಪಾಯಿತು. ಅದರ ಬಹುಪಾಲು ನಷ್ಟಭರ್ತಿಗಲ್ಲ, ದಂಡವಾಗಿ. 2025ರಲ್ಲಿ ಮತ್ತೆ ಮೇಯರ್ ಹುದ್ದೆಗೆ ನಿಂತ ಅವರು ಎರಡನೇ ಸುತ್ತಿಗೂ ತಲುಪಲಿಲ್ಲ.