ಆರ್‌ವಿ ಒಳಗಿನ ಸೆಖೆ, ಚಳಿ ಹೆಂಗೆ ಸಂಭಾಳ್ಸೋದು

ಏಪ್ರಿಲ್‌ ಹೊತ್ಗೆ ಅಮೆರಿಕದ ಅರಿಜೋನಾ ಮರುಭೂಮೀಲಿ ಆರ್‌ವಿ (ಒಳಗೇ ಅಡುಗೆ ಮಾಡಿ ಮಲಗೋ ಮನೆಯಂಥ ಗಾಡಿ) ನಿಲ್ಸಿದ್ರೆ ಮಧ್ಯಾಹ್ನ ಬೆವರು ಇಳಿಯುತ್ತೆ, ಬೆಳಗಿನ ಜಾವ ದಪ್ಪ ರಗ್ಗು ಬೇಕಾಗುತ್ತೆ. ಎಲ್ರೂ ಮೊದ್ಲು ಏಸಿ ಬಗ್ಗೆ ಕೇಳ್ತಾರೆ, ನಾನು ಹೇಳೋದು ಮೊದ್ಲು ಬಿಸಿಲು ನೋಡಿ ಅಂತ. ದೊಡ್ಡ ಕಿಟಕಿ ಇರೋ ಮಗ್ಗುಲಿಗೆ ಸಂಜೆ ಬಿಸಿಲು ಬೀಳದಂಗೆ ಗಾಡಿ ತಿರುಗ್ಸಿ ನಿಲ್ಸಿ, ಅವ್ನಿಂಗ್ (ಗಾಡಿ ಪಕ್ಕಕ್ಕೆ ಚಾಚೋ ನೆರಳಿನ ಹೊದಿಕೆ) ಬಿಚ್ಚಿ, ಗಾಜಿನ ಅಳತೆಗೆ ಬೆಳ್ಳಿ ಬಣ್ಣದ ಫಾಯಿಲ್ ಶೀಟ್ ಕಟ್ ಮಾಡಿ ಸಿಗಿಸಿ, ಅಷ್ಟಕ್ಕೇ ಎಷ್ಟೋ ತಡ್ಕೋಬಹುದು.

ಆಮೇಲೆ ಕರೆಂಟ್ ಲೆಕ್ಕ. ಗಾಡಿಗೆ ಹೊರಗಿಂದ ತಗೊಳ್ಳೋ 30 ಆಂಪ್ ಕನೆಕ್ಷನ್ ಅಂದ್ರೆ 120 ವೋಲ್ಟಲ್ಲಿ 3600 ವಾಟ್, ಅಷ್ಟೇ. ಏಸಿ, ಮೈಕ್ರೋವೇವ್, ಕರೆಂಟ್ ಗೀಸರ್ ಮೂರೂ ಒಟ್ಗೆ ಹಾಕಿದ್ರೆ ಬ್ರೇಕರ್ ಟ್ರಿಪ್ ಆಗುತ್ತೆ, ಅದಕ್ಕೇ ನಮ್ಮಲ್ಲಿ ಅನ್ನ ಸಾರು ಬೆಳಗ್ಗೇನೇ ಮುಗ್ದೋಗಿರುತ್ತೆ.

ಚಳಿಗೆ ಪ್ರೊಪೇನ್ ಫರ್ನೇಸ್ (ಗ್ಯಾಸಲ್ಲಿ ಉರಿಯೋ ಹೀಟರ್) ಒಳ್ಳೇದು, ಅದರ ಹೊಗೆ ಹೊರಗೆ ಹೋಗುತ್ತೆ. ಆದ್ರೆ ಬೆಚ್ಚಗಿರ್ಲಿ ಅಂತ ಗ್ಯಾಸ್ ಸ್ಟವ್ ಹಚ್ಕೊಂಡು ಕೂರೋದು ಬೇಡ್ವೇ ಬೇಡ, ಅದ್ರಿಂದ ಬರೋ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷದ ಗ್ಯಾಸಿಗೆ ಬಣ್ಣಾನೂ ಇಲ್ಲ ವಾಸ್ನೇನೂ ಇಲ್ಲ, ನಿದ್ದೇಲೇ ಜೀವ ಹೋಗ್ಬಿಡುತ್ತೆ, ದಯವಿಟ್ಟು ಆ ಗ್ಯಾಸ್ ಪತ್ತೆ ಹಚ್ಚೋ ಡಿಟೆಕ್ಟರ್ ಬಟನ್ ಒತ್ತಿ ನೋಡ್ಕೊಂಡೇ ಮಲಗಿ. ಉಸಿರಿನ ತೇವಕ್ಕೆ ಗಾಜಿನ ಮೇಲೆ ನೀರು ಕೂತು ಹಾಸಿಗೆ ಅಂಚು ಒದ್ದೆ ಆಗ್ತಿದ್ರೆ ರಾತ್ರಿ ಮೇಲಿನ ವೆಂಟ್ ಒಂದು ಬೆರಳಷ್ಟು ತೆಗ್ದಿಡಿ.